ಹಸಿಮೀನಿನ ದಾರಿ ಒಣಮೀನಿನ ಕಡೆಗೆ ತಿರುಗಿದ್ದು

ನಾನು ಮೂರನೇ ಕ್ಲಾಸಿನ ತನಕ ಓದಿದವಳು. ನಾಲ್ಕನೆಯದಕ್ಕೆ ಹೆಸರು ಬರೆಸಿದ್ದರು, ಆದರೆ ಆ ವರ್ಷ ಅಬ್ಬೆಯ ಜೊತೆ ಬುಟ್ಟಿ ಹೊರಲು ಒಬ್ಬಳು ಬೇಕಿತ್ತು. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಬೀಜಾಡಿಯಿಂದ ಕೋಟೇಶ್ವರಕ್ಕೆ, ಕೋಟೇಶ್ವರದಿಂದ ಕುಂದಾಪುರದ ಒಳದಾರಿಗಳಿಗೆ ತಲೆಯ ಮೇಲೆ ಮೀನು ಹೊತ್ತೆ. ಕನಿಕರ ಬೇಕೆಂದು ಹೇಳುತ್ತಿಲ್ಲ. ಕಂಪ್ಯೂಟರಿನ ಬಗ್ಗೆ ಬರೆಯುವುದಕ್ಕೆ ಇವಳಿಗೆ ಎಂಥದು ಗೊತ್ತು ಎಂದು ಕೇಳುವವರಿದ್ದಾರೆ. ಅವರಿಗೆ ಮೊದಲೇ ಹೇಳಿಬಿಡುತ್ತೇನೆ: ಕಂಪ್ಯೂಟರು ಗೊತ್ತಿಲ್ಲ, ಗಿರಾಕಿ ಗೊತ್ತು.

ಕಂಪ್ಯೂಟರು ಗೊತ್ತಿರುವವಳು ನನ್ನ ಸೊಸೆ. ಯಡ್ತರೆಯವಳು. ಮದುವೆಯಾಗಿ ಬಂದಾಗ ಅವಳ ಪೆಟ್ಟಿಗೆಯಲ್ಲಿ ಸೀರೆಗಿಂತ ವೈರುಗಳೇ ಹೆಚ್ಚಿದ್ದವು. ಬಂಗ್ಡೆ ಹೆಚ್ಚುವುದಕ್ಕೆ ಕೂತರೆ ಅವಳು ಒಂದು ಮುಗಿಸುವಷ್ಟರಲ್ಲಿ ನಾನು ಐದು ಮುಗಿಸುತ್ತಿದ್ದೆ. ನನಗೆ ಅವಳು ಮೊದಲು ಹಿಡಿಸಲಿಲ್ಲ, ಅವಳಿಗೂ ನಾನು ಹಿಡಿಸಿರಲಿಕ್ಕಿಲ್ಲ. ಕುಂದಾಪುರದ ಒಂದು ಆಫೀಸಿನಲ್ಲಿ ವೆಬ್‌ಸೈಟು ಮಾಡುವ ಕೆಲಸದಲ್ಲಿದ್ದಳು. ಮೊಮ್ಮಗಳು ಹುಟ್ಟಿದ ಮೇಲೆ ಅದನ್ನು ಬಿಟ್ಟು, ಮನೆಯಲ್ಲೇ ಕೂತು ಅವರಿವರಿಗೆ ಮಾಡಿಕೊಡುತ್ತಿದ್ದಳು. ಹೀಗಿರುವಾಗ ನಮ್ಮ ಸಂಘದ ಕೆಲಸ ಅವಳ ಕೈಗೆ ಬಂತು.

ಸಂಘವೆಂದರೆ ಹನ್ನೆರಡು ಹೆಂಗಸರು, ಕಡಲ ಬದಿಯ ರಸ್ತೆಯಲ್ಲಿ ಒಂದು ಶೆಡ್ಡು, ನಾಲ್ಕು ಐಸ್ ಪೆಟ್ಟಿಗೆ, ಮೀನು ಒಣಗಿಸುವ ಬಲೆಗಳು. ನಮ್ಮ ಮನೆಯವರ ದೋಣಿಗಳಲ್ಲಿ ಬಂದ ಮೀನನ್ನು ನಾವು ಆರಿಸಿ, ತೊಳೆದು ಇಡುತ್ತಿದ್ದೆವು. ಏಜೆಂಟನ ಟೆಂಪೋ ಬಂದು ಒಟ್ಟಾಗಿ ತುಂಬಿಕೊಂಡು ಹೋಗುತ್ತಿತ್ತು. ಅವನು ಹೇಳಿದ್ದೇ ದರ, ಅವನು ಬಂದದ್ದೇ ಹೊತ್ತು. ನನಗೆ ಇದರಲ್ಲಿ ಒಂದು ವಿಷಯ ಮಾತ್ರ ಸಹಿಸಲು ಆಗುತ್ತಿರಲಿಲ್ಲ. ತಲೆಹೊರೆಯ ಕಾಲದಲ್ಲಿ ಯಾವ ಮನೆಯವರಿಗೆ ಕಾಣೆ ಮೀನು ಇಷ್ಟ, ಯಾವ ಮನೆಯ ಬಾಣಂತಿಗೆ ಯಾವ ಮೀನು ಆಗುತ್ತದೆ ಎಂದು ನನಗೆ ಬಾಯಿಪಾಠ ಇತ್ತು. ಟೆಂಪೋಗೆ ಸುರಿದ ಮೇಲೆ ನಮ್ಮ ಮೀನು ಯಾರ ಬಾಣಲೆಗೆ ಬಿತ್ತು ಎಂಬುದೇ ಗೊತ್ತಾಗುತ್ತಿರಲಿಲ್ಲ.

ನಾವೇ ಮನೆಮನೆಗೆ ಕೊಡುವ, ಬೇಕಾದವರು ಫೋನಿನಲ್ಲಿ ಒತ್ತಿ ತರಿಸಿಕೊಳ್ಳಲಿ ಎಂದು ಹೊರಟದ್ದು ಹಾಗೆ. ಸಂಘದ ಅಧ್ಯಕ್ಷೆಗೆ ಪೂರ್ತಿ ಮನಸ್ಸಿರಲಿಲ್ಲ. ಒಂದು ವರ್ಷ ನೋಡುವ, ಆಗದಿದ್ದರೆ ಮತ್ತೆ ಟೆಂಪೋ ಎಂದು ಒಪ್ಪಿಕೊಂಡಳು. ಏಜೆಂಟನಿಗೂ ಅದೇ ಮಾತು ಹೇಳಿ ಅವನನ್ನು ಪೂರ್ತಿ ಕೈಬಿಡದೆ ಇಟ್ಟುಕೊಂಡಿದ್ದಳು.

ಒಂದು ಮಧ್ಯಾಹ್ನ ನಾನು ಚಟ್ಲಿ, ಎಂದರೆ ಸಿಗಡಿ, ಸುಲಿಯುತ್ತಿದ್ದೆ. ಸೊಸೆ ಎದುರಿಗೆ ಕೂತು ಕಂಪ್ಯೂಟರು ಕುಟ್ಟುತ್ತಿದ್ದಳು. ಬಗ್ಗಿ ನೋಡಿದರೆ ಸಾಲುಸಾಲಾಗಿ ಎಂಥದೋ ಇತ್ತು.

"ಎಂತ ಅದ್, ಹೆಣೆ? ಸಾಮಾನ್ ಪಟ್ಟಿ ಕಂಡಾಂಗ್ ಇತ್ತಲೆ."

"ಪಟ್ಟಿಯೇ ಅತ್ತೆ. ಎಡಕ್ಕೆ ಇಪ್ಪುದ್ ಗಿರಾಕಿ ಕೇಂಬ ವಿಳಾಸ. ಬಲಕ್ಕೆ ಇಪ್ಪುದ್ ಅದಕ್ಕೆ ಉತ್ರ ಕೊಡುದ್ ಯಾರ್ ಅಂತ."

"ಹಂಗಾರ್ ಬಾಗ್ಲಲ್ಲಿ ಒಬ್ಬ ಕೂತಿರ್ತ?"

"ಹೌದ್. ಬಂದರ್ನ ಕೇಣಿ, ಪಟ್ಟಿ ಕಂಡ್, ಒಳಗ್ ಕಳ್ಸುದ್ ಅವ್ನ್ ಕೆಲ್ಸ."

ಆ ಒಬ್ಬ ಎಂದರೆ ಸರ್ವರು. ಎಲ್ಲೋ ದೂರದಲ್ಲಿರುವ ಕಂಪ್ಯೂಟರು. ಯಾರೋ ಕುಂದಾಪುರದಲ್ಲಿ ಹಸಿಮೀನು ಎಂದು ಒತ್ತಿದರೆ ಆ ವಿಳಾಸ ಅಲ್ಲಿಗೆ ಹೋಗುತ್ತದೆ. ಅದು ನನ್ನ ಸೊಸೆ ಬರೆದ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತದೆ. ಹೊಂದುವ ಸಾಲು ಸಿಕ್ಕಿದ ಕೂಡಲೇ ಅಲ್ಲಿ ನಿಂತು ಆ ಕೆಲಸ ಮಾಡಿ ಪುಟ ಕಳಿಸುತ್ತದೆ. ಯಾವ ಸಾಲೂ ಹೊಂದದಿದ್ದರೆ ನೀವು ಕೇಳಿದ್ದು ಇಲ್ಲಿಲ್ಲ ಎನ್ನುತ್ತದೆ. ಇಷ್ಟು ನನಗೆ ಒಂದು ಸೇರು ಚಟ್ಲಿ ಸುಲಿಯುವಷ್ಟರಲ್ಲಿ ತಿಳಿಯಿತು. ಅಧ್ಯಕ್ಷೆಗೆ ಇವತ್ತಿಗೂ ತಿಳಿದಿಲ್ಲ.

ಮೊದಲು ವಿಳಾಸಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಫ್ರೆಶ್ ಅಂತೆ, ಡ್ರೈ ಅಂತೆ. ನಮ್ಮ ಹೆಂಗಸರು ಗಿರಾಕಿಗೆ ಫೋನಿನಲ್ಲಿ ಹೇಳುವಾಗ ನಾಲಿಗೆ ಹೊರಳದೆ ನಗೆಪಾಟಲಾಗುತ್ತಿತ್ತು. ನಾನು ಗದರಿದೆ. ಸೊಸೆ ಹಸಿಮೀನು, ಒಣಮೀನು ಎಂದು ಬದಲಿಸಿದಳು. ಆದರೆ ಅಷ್ಟರಲ್ಲಿ ಹಳೆಯ ವಿಳಾಸ ಹಲವರ ಫೋನಿನಲ್ಲಿತ್ತು. ಅವರು ಬಂದರೆ ಬಾಗಿಲಲ್ಲಿ ಕೂತವನು ಹೊಸದಕ್ಕೆ ದಾರಿ ತೋರಿಸಬೇಕು. ಹಾಗೆ ತಿರುಗಿಸಿ ಕಳಿಸುವುದರಲ್ಲಿ ಎರಡು ಬಗೆ ಇದೆ, ಎರಡಕ್ಕೂ ನಂಬರು ಇದೆ ಎಂದು ಅವಳು ಹೇಳಿದಳು.

"ಮುನ್ನೂರ ಒಂದ್ ಅಂದ್ರೆ ಮನಿ ಬಿಟ್ಟ್ ಹೋದಾಂಗೆ ಅತ್ತೆ. ಇನ್ನ್ ಇಲ್ಲಿಗ್ ಹುಡ್ಕಂಡ್ ಬರ್ಬೇಡಿ ಅಂದಾಂಗೆ. ಮುನ್ನೂರ ಎರಡ್ ಅಂದ್ರೆ ಆಸಾಡಿಗೆ ತವ್ರಿಗೆ ಹೋದಾಂಗೆ. ತಿರ್ಗಿ ಬಪ್ಪುದಿತ್ತ್."

"ನೀನ್ ಸಿಟ್ಟ್ ಮಾಡ್ಕಂಡ್ ಯಡ್ತರೆಗ್ ಹೋರೆ ಅದ್ ಎಷ್ಟ್?"

"ನೀವ್ ಕರೂಕೆ ಬಂದ್ರೆ ಎರಡ್. ಬರ್ದಿದ್ರೆ ಒಂದ್."

ಎದುರುತ್ತರ ಕೊಡುವ ಹೆಂಗಸರು ನನಗೆ ಆಗುವುದಿಲ್ಲ. ಆದರೆ ಅವತ್ತು ಕೈಯಲ್ಲಿದ್ದ ಚಟ್ಲಿ ಬಿಟ್ಟು ನಕ್ಕೆ. ಹಳೆಯ ಹೆಸರುಗಳಿಗೆ ಅವಳು ಮುನ್ನೂರ ಒಂದನ್ನು ಹಾಕಿದಳು. ಅದು ಸರಿಯೇ ಇತ್ತು, ಆ ಹೆಸರುಗಳಿಗೆ ಮತ್ತೆ ಬರುವ ಕೆಲಸವಿರಲಿಲ್ಲ.

ಅಂಗಡಿ ನಡೆಯಿತು. ಕೋಟೇಶ್ವರ, ಕುಂದಾಪುರ, ಬ್ರಹ್ಮಾವರದ ತನಕ ಗಿರಾಕಿಗಳಾದರು. ಹೆಚ್ಚಿನವರು ವಾಟ್ಸಾಪಿನಲ್ಲಿ ನಾವು ಕಳಿಸಿದ ಹಸಿಮೀನಿನ ಲಿಂಕನ್ನು ಫೋನಿನ ಮುಖದ ಮೇಲೆ ಇಟ್ಟುಕೊಂಡು ಬೆಳಿಗ್ಗೆ ಎದ್ದು ಅದನ್ನೇ ಒತ್ತುವವರು.

ಜೂನ್ ಬಂತು. ಜೂನ್ ಮತ್ತು ಜುಲೈ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಅದು ಸರಕಾರದ ಕಟ್ಟು. ಕಡಲೂ ಬಿಡುವುದಿಲ್ಲ. ನಾಡದೋಣಿಯವರು ಆಗೊಮ್ಮೆ ಈಗೊಮ್ಮೆ ತರುವುದು ನಮ್ಮ ಸಾರಿಗೇ ಸಾಲದು. ಹಸಿಮೀನಿನ ಪುಟದಲ್ಲಿ ಏನು ಇಡುವುದು? ಇಲ್ಲ, ಇಲ್ಲ, ಇಲ್ಲ ಎಂದು ಬರೆದಿಟ್ಟರೆ ಬಂದವರು ಬೇಸರದಲ್ಲಿ ಹೋಗುತ್ತಾರೆ. ಬೇಸಿಗೆಯಲ್ಲಿ ಒಣಗಿಸಿದ ಮೀನು ಶೆಡ್ಡಿನ ಮಾಡಿನ ತನಕ ತುಂಬಿತ್ತು.

"ಹಸಿಮೀನಿಗೆ ಬಂದರ್ನೆಲ್ಲ ಒಣಮೀನಿಗ್ ಕಳ್ಸ್," ಎಂದೆ ನಾನು. "ಮಳಿಗಾಲದಲ್ಲಿ ಊರೆಲ್ಲ ತಿಂಬುದ್ ಅದೇ ಅಲ್ದಾ?"

"ಆಯ್ತ್ ಅತ್ತೆ, ಸಂಜಿಗ್ ಮಾಡ್ತೆ."

"ಸಂಜಿಗ್ ಎಂತಕೆ? ಈಗ್ಳೇ ಮಾಡ್. ಒಂದ್ ಸಾಲ್ ಬರುಕೆ ಮುಹೂರ್ತ ಕಾಣ್ಕಾ?"

ಮೊಮ್ಮಗಳು ಅವಳ ಸೆರಗು ಎಳೆಯುತ್ತಿದ್ದಳು, ನಾನು ತಲೆಯ ಮೇಲೆ ನಿಂತಿದ್ದೆ. ಸೊಸೆ ಮೊದಲೊಮ್ಮೆ ಬರೆದಿದ್ದ ಸಾಲಿನ ನಕಲನ್ನೇ ಎತ್ತಿ ಇಳಿಸಿ, ಹೆಸರು ಬದಲಿಸಿ ಮುಗಿಸಿದಳು. ಅವಸರ ಮಾಡಿದವಳು ನಾನು ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಆ ಎರಡು ತಿಂಗಳು ಒಣಮೀನು ಹೋದ ಹಾಗೆ ಹಿಂದೆಂದೂ ಹೋಗಿರಲಿಲ್ಲ. ಅಧ್ಯಕ್ಷೆಯೂ ಸುಮ್ಮನಾದಳು.

ಆಗಸ್ಟಿನಲ್ಲಿ ಬೋಟು ಇಳಿದವು. ಮೊದಲ ದಿನವೇ ಬಂಗ್ಡೆ ಬಂತು, ಎಂಥಾ ಬಂಗ್ಡೆ ಅಂದರೆ ಬೆನ್ನು ಮುಟ್ಟಿದರೆ ಬೆರಳು ಜಾರುತ್ತಿತ್ತು. ಸೊಸೆ ಪಟ್ಟಿಯಿಂದ ಆ ಸಾಲನ್ನು ಅಳಿಸಿದಳು. ಹಸಿಮೀನಿನ ಪುಟ ತೆರೆದು ಫೋಟೋ ಹಾಕಿದಳು. ತನ್ನ ಕಂಪ್ಯೂಟರಿನಲ್ಲಿ ನೋಡಿ ಸರಿಯಿದೆ ಎಂದಳು. ನಾವು ಐಸ್ ಹಾಕಿಕೊಂಡು ಕೂತೆವು.

ಆರ್ಡರು ಬರಲಿಲ್ಲ. ಬಂದದ್ದು ಮೂರೋ ನಾಲ್ಕೋ, ಅವೂ ಹೊಸಬರದ್ದು. ಹಳೆಯ ಗಿರಾಕಿಗಳಲ್ಲಿ ಒಬ್ಬರೂ ಇಲ್ಲ. ಮಾರನೇ ದಿನವೂ ಹಾಗೆ. ಮೂರನೇ ದಿನ ಅಧ್ಯಕ್ಷೆ ಶೆಡ್ಡಿನ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಎಂತ ಅಕ್ಕ, ನಿಮ್ ಸೊಸಿ ಅಂಗ್ಡಿಗ್ ಬೀಗ ಹಾಕಿತಾ? ಐಸ್ ಪೆಟ್ಗಿ ಮುಚ್ಚಳ ಹಾಕುಕಾತಿಲ್ಲೆ."

"ಬೀಗ ಇದ್ದಿರೆ ಮೊದ್ಲ್ ನಿನ್ ಬಾಯಿಗ್ ಹಾಕ್ತಿದ್ದೆ."

"ನನ್ ಬಾಯಿ ಬಿಡಿ. ಮೀನ್ ಬಾಯಿ ಬಿಡ್ತಾ ಇತ್ತ್. ನಾ ಟೆಂಪೋಗ್ ಹೇಳ್ತೆ."

ಹೇಳಿಯೂ ಬಿಟ್ಟಳು. ಟೆಂಪೋ ಬಂದು ಮೂರು ದಿನದ ಮೀನನ್ನು ತುಂಬಿಕೊಂಡು ಹೋಯಿತು. ಏಜೆಂಟು ಇಳಿದು ನಮ್ಮನ್ನೆಲ್ಲ ಒಮ್ಮೆ ನೋಡಿ ನಕ್ಕ. ಅಧ್ಯಕ್ಷೆ ಆಯಿತವಾರಕ್ಕೆ ಮೀಟಿಂಗು ಕರೆದಳು. ವಿಷಯ ಒಂದೇ: ಅಂಗಡಿ ಮುಚ್ಚಿ ಮೀನನ್ನು ಟೆಂಪೋಗೆ ಕೊಡುವುದು. ಅವತ್ತು ಬುಧವಾರ.

ಸೊಸೆ ಊಟ ಬಿಟ್ಟಳು. ಎಷ್ಟು ಸಲ ನೋಡಿದರೂ ಅವಳ ಕಂಪ್ಯೂಟರಿನಲ್ಲಿ ಹಸಿಮೀನು ಹಸಿಮೀನೇ. ಅವಳು ನೋಡುತ್ತಿದ್ದದ್ದು ಏನನ್ನೂ ನೆನಪಿಟ್ಟುಕೊಳ್ಳದ ಒಂದು ಬಗೆಯ ಕಿಟಕಿಯಲ್ಲಿ ಅಂತೆ, ಕೆಲಸ ಮಾಡುವವರು ಹಾಗೇ ನೋಡುವುದಂತೆ. ಸಂಘದ ಉಳಿದ ಹೆಂಗಸರು ಆರ್ಡರು ಬಂತೇ ಎಂದು ಮಾತ್ರ ನೋಡುವವರು. ಅಂಗಡಿ ನಡೆಸುವವರು ತಮ್ಮ ಅಂಗಡಿಗೆ ತಾವೇ ಗಿರಾಕಿಯಾಗಿ ಹೋಗುವುದಿಲ್ಲವಲ್ಲ.

ಗುರುವಾರ ಬೆಳಿಗ್ಗೆ ನನ್ನ ಬಟನ್ ಫೋನಿಗೆ ಬ್ರಹ್ಮಾವರದಿಂದ ಒಬ್ಬರು ಕರೆ ಮಾಡಿದರು. ನಿವೃತ್ತ ಟೀಚರು, ವಾರಕ್ಕೆ ಮೂರು ಸಲ ತರಿಸಿಕೊಳ್ಳುವವರು.

"ಹ್ವಾಯ್, ನಿಮ್ ಬದಿಗೆ ಇನ್ನೂ ಬೋಟ್ ಇಳೀಲಿಲ್ಯಾ? ಒತ್ತಿರೆ ಒಣಮೀನೇ ಬತ್ತ್. ನಂಗ್ ಒಣಮೀನ್ ಕಂಡ್ ಕಂಡ್ ಸಾಕಾಯ್ತ್ ಮರಾಯ್ತಿ."

"ಟೀಚರೆ, ನೀವ್ ಎಲ್ಲಿಗೂ ಹೋಪುದ್ ಬೇಡ. ನಾವೇ ಬತ್ತ್."

ಮೊಮ್ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೂ ಬಸ್ಸು ಹತ್ತಿದೆವು. ಟೀಚರು ಜಗಲಿಯಲ್ಲೇ ಕಾಯುತ್ತಿದ್ದರು. ಸೊಸೆ ಅವರ ಫೋನು ಇಸಿದುಕೊಂಡು ಹಸಿಮೀನು ಒತ್ತಿದಳು. ಒಣಮೀನು ಬಂತು. ಮತ್ತೆ ಒತ್ತಿದಳು, ಮತ್ತೆ ಒಣಮೀನು. ಟೀಚರ ಗಂಡನ ಹತ್ತಿರ ಹೊಸದಾಗಿ ಕೊಂಡ ಫೋನು ಇತ್ತು. ಅದರಲ್ಲಿ ಅದೇ ವಿಳಾಸ ಬರೆದು ಒತ್ತಿದಳು. ಬಂಗ್ಡೆಯ ಫೋಟೋ ಹೊಳೆಯುತ್ತಾ ಬಂತು.

ಎರಡು ಫೋನುಗಳನ್ನೂ ತೊಡೆಯ ಮೇಲಿಟ್ಟುಕೊಂಡು ಅವಳು ಅದನ್ನೊಮ್ಮೆ ಇದನ್ನೊಮ್ಮೆ ನೋಡಿದಳು. ಮುಖ ಬಿಳುಚಿಕೊಂಡಿತು.

"ಎಂತ ಆಯ್ತ್ ಹೆಣೆ?"

"ಅತ್ತೆ, ನಾ ಅವತ್ತ್ ಮುನ್ನೂರ ಎರಡ್ ಹಾಕ್ಕಿತ್ತ್, ಹಾಕ್ಲಿಲ್ಲ. ಹಳೀ ಸಾಲ್ ಎತ್ತಿ ಇಳ್ಸ್‌ದೆ. ಅದ್ರಲ್ಲಿ ಮುನ್ನೂರ ಒಂದೇ ಇದ್ದಿತ್ತ್."

ಟೀಚರಿಗೆ ಅದು ಅರ್ಥವಾಗಲಿಲ್ಲ. ನನಗೆ ಆಯಿತು. ಹಸಿಮೀನು ಆಸಾಡಿಗೆ ತವರಿಗೆ ಹೋದದ್ದು, ನಾವು ಮನೆ ಬಿಟ್ಟೇ ಹೋಯಿತು ಎಂದು ಊರಿಗೆಲ್ಲ ಸಾರಿದ್ದೆವು. ಮಳೆಗಾಲದಲ್ಲಿ ಯಾರು ಯಾರು ಆ ಲಿಂಕು ಒತ್ತಿದ್ದರೋ ಅವರ ಫೋನು ಆ ಮಾತನ್ನು ನಂಬಿ ನೆನಪಿಟ್ಟುಕೊಂಡಿತ್ತು. ಈಗ ಹಸಿಮೀನು ಒತ್ತಿದರೆ ಫೋನು ನಮ್ಮ ಸರ್ವರನ್ನು ಕೇಳುವುದೇ ಇಲ್ಲ. ತಾನೇ ನೇರ ಒಣಮೀನಿಗೆ ನಡೆಯುತ್ತದೆ. ಇವಳು ಇತ್ತ ಪಟ್ಟಿಯಲ್ಲಿ ಸಾಲು ಅಳಿಸಿದ್ದನ್ನು ಅದಕ್ಕೆ ಹೇಳುವವರಾರು?

ಟೀಚರು ಕಾಫಿ ಕೊಟ್ಟರು. ಸೊಸೆ ಕುಡಿಯಲಿಲ್ಲ, ಅವಳದನ್ನೂ ನಾನೇ ಕುಡಿದೆ.

ವಾಪಸು ಬರುವ ಬಸ್ಸಿನಲ್ಲಿ ಅವಳು ಮೆಲ್ಲಗೆ ಹೇಳಿದಳು, "ಎಲ್ಲರಿಗೂ ಫೋನ್ ಮಾಡಿ, ನಿಮ್ ಫೋನ್ ನೆನಪ್ ಅಳ್ಸಿ ಅಂತ ಹೇಳ್ಕಾ ಅತ್ತೆ? ಅದ್ ಆಪುದಲ್ಲ."

"ಅಲ್ಲ. ಮೀನ್ ತಕಂಬುಕೆ ಬಂದರ್ ಹತ್ರ ಫೋನ್ ರಿಪೇರಿ ಮಾಡ್ಸುದಾ?"

"ಹೊಸ ಲಿಂಕ್ ಕಳ್ಸುವ."

"ಕಳ್ಸ್. ಓದುವವ್ರ್ ಓದ್ತ್ರ್. ಉಳ್ದವ್ರ್ ಹಳೀದೇ ಒತ್ತುದ್."

ಅವಳು ಕಿಟಕಿಯ ಕಡೆಗೆ ತಿರುಗಿದಳು. ಅಳುತ್ತಿದ್ದಳೋ ಇಲ್ಲವೋ ನಾನು ನೋಡಲಿಲ್ಲ. ನೋಡಿದರೆ ಸಮಾಧಾನ ಮಾಡಬೇಕಾಗುತ್ತದೆ, ಅದು ನನಗೆ ಬರುವುದಿಲ್ಲ. ಅದರ ಬದಲು ನಾನು ಮಾಡಿದ ಇಂಥದೇ ಒಂದು ತಪ್ಪನ್ನು ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ನನ್ನ ಮಗನಿಗೆ ಹತ್ತು ವರ್ಷವಿರುವಾಗ ಹೊಟ್ಟೆಯ ಆಪರೇಷನ್ ಆಗಿತ್ತು ನನಗೆ. ಇನ್ನು ಬುಟ್ಟಿ ಹೊರುವಂತಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಂಬಿ, ಕೋಟೇಶ್ವರದ ನನ್ನ ಮನೆಗಳಿಗೆಲ್ಲ ಹೇಳಿಬಂದೆ, ನಾನು ಇನ್ನು ಬರುವುದಿಲ್ಲ, ರಸ್ತೆ ತಿರುವಿನಲ್ಲಿ ಕೂರುವವಳ ಹತ್ತಿರ ತೆಗೆದುಕೊಳ್ಳಿ ಎಂದು. ಮೂರು ತಿಂಗಳಲ್ಲಿ ಗಟ್ಟಿಯಾದೆ. ಬುಟ್ಟಿ ಎತ್ತಿಕೊಂಡು ಅದೇ ಗೇಟುಗಳ ಮುಂದೆ ನಿಂತು ಕೂಗಿದೆ. ಯಾರೂ ಹೊರಗೆ ಬರಲಿಲ್ಲ. ಬರಲು ಅವರು ಮನೆಯಲ್ಲಿದ್ದರೆ ತಾನೆ? ನಾನೇ ಕಳಿಸಿದ ತಿರುವಿಗೆ ಹೋಗಿದ್ದರು. ಎಂಟು ದಿನ ಖಾಲಿ ಗೇಟುಗಳಿಗೆ ಕೂಗಿ ಗಂಟಲು ಹೋಯಿತು. ಒಂಬತ್ತನೇ ದಿನ ಬುಟ್ಟಿಯನ್ನು ತೆಗೆದುಕೊಂಡು ಹೋಗಿ ಆ ತಿರುವಿನಲ್ಲಿ, ಅವಳ ಪಕ್ಕದಲ್ಲೇ ಕೂತೆ. ಅವಳು ಬಾಯಿಗೆ ಬಂದದ್ದನ್ನೆಲ್ಲ ಬೈದಳು. ಬೈಸಿಕೊಂಡೆ. ಆದರೆ ಬಂದವರೆಲ್ಲ ಅಲ್ಲಿ ನನ್ನನ್ನು ಕಂಡರು.

"ಕಳ್ಸಿದರ್ನ ವಾಪಸ್ ಕರೂಕೆ ಹಳೀ ಗೇಟಲ್ಲಿ ನಿಂತ್ರೆ ಆತಿಲ್ಲೆ ಹೆಣೆ," ಎಂದೆ. "ಅವ್ರ್ ಹೋಯಿ ಮುಟ್ಟುದ್ ಎಲ್ಲಿಗೆ? ಅಲ್ಲ್ ಹೋಯಿ ಕೂಕಂಬುದ್."

ಅವಳು ತಿರುಗಿ ನನ್ನ ಮುಖ ನೋಡಿದಳು. ಕೋಟೇಶ್ವರ ಬಂತು. ಬಸ್ಸಿಳಿದು ನನಗಿಂತ ಮುಂದೆ ನಡೆದಳು.

ಮಧ್ಯಾಹ್ನವೇ ಒಣಮೀನಿನ ಪುಟದ ನೆತ್ತಿಯ ಮೇಲೆ ದೊಡ್ಡ ಬೋರ್ಡು ಹಾಕಿದಳು: ಬೋಟು ಇಳಿದಿದೆ, ಹಸಿಮೀನು ಬಂದಿದೆ, ಇಲ್ಲಿ ಒತ್ತಿ. ಟೀಚರಿಗೆ ಫೋನು ಮಾಡಿ ನೋಡಲು ಹೇಳಿದಳು. ಆ ಕಡೆಯಿಂದ ಅವರ ನಗು ನನಗೂ ಕೇಳಿಸಿತು.

"ಬೋರ್ಡ್ ಕಂಡಿತ್ ಮಗಾ. ಒತ್ತಿರೆ ತಿರ್ಗಿ ಇದೇ ಬೋರ್ಡ್ ಬತ್ತ್. ನಿಮ್ ಅಂಗ್ಡಿ ಸುತ್ತ ನಾ ಪ್ರದಕ್ಷಿಣೆ ಹಾಕ್ತಾ ಇದ್ದೆ."

ಸೊಸೆ ಹಣೆ ಬಡಿದುಕೊಂಡಳು. ಬೋರ್ಡಿನ ಕೆಳಗೆ ಅವಳು ಕೊಟ್ಟದ್ದು ಅದೇ ಹಳೆಯ ಹಸಿಮೀನಿನ ವಿಳಾಸ. ಟೀಚರ ಫೋನಿನ ಲೆಕ್ಕದಲ್ಲಿ ಆ ವಿಳಾಸವೆಂದರೆ ಒಣಮೀನು. ಒತ್ತಿದರೆ ಮತ್ತೆ ಇಲ್ಲಿಗೇ.

"ನಾ ಆ ತಿರುವಲ್ಲ್ ಕೂತದ್ದ್ ಹೊಸ ಜಾಗ ಅಲ್ದಾ," ಎಂದೆ. "ಹಸಿಮೀನಿಗೂ ಹೊಸ ಜಾಗ ಕೊಡ್. ಯಾರೂ ಕೇಣದ್ ಹೆಸ್ರ್ ಇಡ್."

ತಾಜಾಮೀನು ಎಂದು ಇಟ್ಟಳು. ಪಟ್ಟಿಯಲ್ಲಿ ಎಡಕ್ಕೆ ತಾಜಾಮೀನು, ಬಲಕ್ಕೆ ಹಸಿಮೀನಿಗೆ ಉತ್ತರ ಕೊಡುತ್ತಿದ್ದ ಅದೇ ಕೆಲಸಗಾರ. ಒಳಗಿನ ಅಡಿಗೆ ಬದಲಾಗಲಿಲ್ಲ, ಹೊರಗಿನ ಬಾಗಿಲು ಒಂದು ಹೊಸದಾಯಿತು. ಬೋರ್ಡಿನ ಕೆಳಗೆ ಆ ಬಾಗಿಲನ್ನು ಕೊಟ್ಟಳು. ಉಳಿದದ್ದು ಒಂದೇ ಸಾಲು: ಮಳೆಗಾಲದಲ್ಲಿ ನಮ್ಮ ಕಡೆ ತಲೆ ಹಾಕದವರು, ಏನನ್ನೂ ನೆನಪಿಟ್ಟುಕೊಳ್ಳದ ಫೋನಿನವರು ಹಳೆಯ ಹಸಿಮೀನಿಗೆ ಬಂದರೆ ಅವರನ್ನೂ ತಾಜಾಮೀನಿಗೆ ತಿರುಗಿಸಬೇಕು. ಅವಳು ಬೆರಳು ಎತ್ತಿ ಹಿಡಿದು ಕೇಳಿದಳು.

"ಇದ್ ಎಷ್ಟ್ ಅತ್ತೆ? ಒಂದಾ, ಎರಡಾ?"

"ಎರಡ್ ಹಾಕ್. ನಾಳೆ ಎಂತ ಬೇಕಾತ್ತೋ ಯಾರಿಗ್ ಗೊತ್ತ್?"

ಎರಡು ಹಾಕಿದಳು. ಆ ಸಾಲು ಇವತ್ತಿಗೂ ಹಾಗೇ ಇದೆ. ನಾನು ಹೇಳಿ ಬರೆಸಿದ್ದು. ಇದನ್ನು ನಾನು ನೆಂಟರ ಮನೆಗಳಲ್ಲಿ ಎಷ್ಟು ಸಲ ಹೇಳಿದ್ದೇನೆ ಎಂದರೆ ಈಗ ನನ್ನನ್ನು ಕಂಡರೆ ಅವರು ಮೊದಲೇ, ಗೊತ್ತುಂಟು ಗೊತ್ತುಂಟು, ಮುನ್ನೂರ ಎರಡು, ಎನ್ನುತ್ತಾರೆ.

ಟೀಚರು ಮತ್ತೆ ಒತ್ತಿದರು. ಈ ಸಲ ಅವರು ನಗಲಿಲ್ಲ. ಎರಡು ಕಿಲೋ ಬಂಗ್ಡೆ, ತಲೆ ತೆಗೆಯದೆ, ಎಂದು ಆರ್ಡರು ಬಂತು. ಶುಕ್ರವಾರ ಬೆಳಿಗ್ಗೆ ಹಳೆಯ ಗಿರಾಕಿಗಳಲ್ಲಿ ಆರೇಳು ಮಂದಿ ಬಂದರು. ಶನಿವಾರ ಅದರ ಎರಡರಷ್ಟು. ಇನ್ನೂ ಎಲ್ಲರೂ ಬಂದಿರಲಿಲ್ಲ. ಶನಿವಾರ ಉಳಿದದ್ದನ್ನು ಅಧ್ಯಕ್ಷೆ ಟೆಂಪೋಗೇ ಹಾಕಿಸಿದಳು, ಆಯಿತವಾರವೂ ಬಾ ಎಂದು ಏಜೆಂಟನಿಗೆ ಹೇಳಿದಳು.

ಆಯಿತವಾರ ಬೆಳಿಗ್ಗೆ ಮೀಟಿಂಗು. ಹನ್ನೆರಡು ಹೆಂಗಸರೂ ಶೆಡ್ಡಿನಲ್ಲಿ ಚಾಪೆ ಹಾಸಿ ಕೂತೆವು. ಸೊಸೆ ಸಂಘದ ಸದಸ್ಯೆಯಲ್ಲ, ಬಾಗಿಲ ಬಳಿ ನಿಂತಿದ್ದಳು. ದಾರಿಯಲ್ಲಿ ಬರುವಾಗ ನಾನು ಅವಳಿಗೆ ಒಂದು ಬುದ್ಧಿ ಹೇಳಿಕೊಟ್ಟಿದ್ದೆ: ಕಂಪ್ಯೂಟರು ಹಾಳಾಗಿತ್ತು ಎಂದು ಹೇಳು, ಯಾರೂ ಕೇಳುವುದಿಲ್ಲ. ನಾನು ಮೂವತ್ತು ವರ್ಷ ಮೀನು ಮಾರಿದವಳು, ಸುಳ್ಳು ಹೇಳಿಯೇ ಗೊತ್ತಿಲ್ಲ ಎನ್ನುವವಳಲ್ಲ.

ಅಧ್ಯಕ್ಷೆ ಕೇಳಿದಳು, "ಹೇಳ್ ಮಗಾ, ಎಂತ ಆದ್ದ್? ಕಂಪ್ಯೂಟರ್ ಹಾಳಾದ್ದಾ?"

ತಪ್ಪಿಸಿಕೊಳ್ಳುವ ಬಾಗಿಲನ್ನು ಅಧ್ಯಕ್ಷೆಯೇ ತೆರೆದುಕೊಟ್ಟಿದ್ದಳು. ಸೊಸೆ ಹೌದು ಎಂದರೆ ಮುಗಿಯುತ್ತಿತ್ತು.

"ಕಂಪ್ಯೂಟರ್ ಸರಿ ಇದ್ದಿತ್ತ್ ಚಿಕ್ಕಿ. ತಪ್ಪ್ ನಂದ್. ಸ್ವಲ್ಪ ದಿನಕ್ಕೆ ಅಂತ ಹೇಳುದ್ರ ಬದ್ಲ್ ಯಾವತ್ತಿಗೂ ಅಂತ ಬರ್ದೆ. ಜೂನಲ್ಲಿ ಬರ್ದದ್ದ್, ಆಗಸ್ಟಲ್ಲಿ ಪೆಟ್ಟ್ ಬಿತ್ತ್. ಈಗ ದಾರಿ ತಿರ್ಗ್ಸಿದೆ. ಎಲ್ಲರೂ ವಾಪಸ್ ಬಪ್ಪುಕೆ ಹದ್ನೈದ್ ದಿನ ಬೇಕ್. ಅಷ್ಟ್ ದಿನ ಕೊಡಿ ಅಂತ ಕೇಂತೆ."

ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಕಣ್ಣೂ ಕೆಳಗೆ ಹಾಕಲಿಲ್ಲ. ನನ್ನ ಹೆಸರನ್ನೂ ಎತ್ತಲಿಲ್ಲ. ಅವಸರ ಮಾಡಿದವರು ಅತ್ತೆ ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ನಾನು ಅಷ್ಟು ಹೆಂಗಸರ ನಡುವೆ ಕೂತು, ಇವಳು ನಮ್ಮ ಮನೆಯವಳು ಎಂದು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದೆ. ಮಗನ ಮದುವೆಯ ದಿನವೂ ಹಾಗೆ ನೋಡಿರಲಿಲ್ಲ. ಆಮೇಲೆ ನಾನೇ ಹೇಳಿದೆ.

"ತಲೆ ಮೇಲ್ ನಿಂತ್ ಅವಸ್ರ ಮಾಡಿದ್ ನಾನ್. ಬೈಯುದಿದ್ರೆ ಇಬ್ರಿಗೂ ಬೈಯಿ."

"ನಿಮ್ಗ್ ಬೈದ್ ಬದ್ಕಿದವ್ರ್ ಯಾರಿದ್ರ್ ಅಕ್ಕ?" ಎಂದಳು ಅಧ್ಯಕ್ಷೆ. ಒಬ್ಬಿಬ್ಬರು ನಕ್ಕರು. ಆದರೆ ಅವಳು ಸುಲಭಕ್ಕೆ ಬಿಡುವವಳಲ್ಲ. "ಮತ್ತ್ ಬಪ್ಪು ಜೂನಲ್ಲಿ?"

"ಬಪ್ಪು ಜೂನಲ್ಲಿ ಎರಡನೇದ್ ಬರೀತೆ. ಬರ್ದ ಮೇಲೆ ನಿಮ್ ಫೋನಲ್ಲೇ ಒತ್ತಿ ಕಾಂತೆ. ಸಾಲ್ ತೆಗ್ದ್ ಇನ್ನೊಂದ್ ಸಲ ಒತ್ತಿ ಕಾಂತೆ. ಆಮೇಲೇ ಗಿರಾಕಿಗ್ ಬಿಡುದ್."

ಮಾತು ಮುಗಿದಿರಲಿಲ್ಲ, ಚಾಪೆಯ ಮೇಲಿದ್ದ ಸಂಘದ ಫೋನು ಒಂದರ ಹಿಂದೆ ಒಂದು ಸದ್ದು ಮಾಡತೊಡಗಿತು. ಆಯಿತವಾರ ಅಲ್ಲವೇ, ಎಲ್ಲ ಮನೆಗಳಲ್ಲೂ ಮೀನಿನ ಸಾರು. ಅಧ್ಯಕ್ಷೆ ಕನ್ನಡಕ ಹಾಕಿಕೊಂಡು ಓದಿದಳು. ಕುಂದಾಪುರಕ್ಕೆ ಕಾಣೆ. ಕೋಟೇಶ್ವರಕ್ಕೆ ಬಂಗ್ಡೆ. ಬ್ರಹ್ಮಾವರಕ್ಕೆ ಚಟ್ಲಿ, ಮತ್ತೆ ಬ್ರಹ್ಮಾವರ, ಮತ್ತೆ ಬಂಗ್ಡೆ. ಓದುತ್ತಾ ಓದುತ್ತಾ ಅವಳ ದನಿ ಏರಿತು. ಹಳೆಯ ಗಿರಾಕಿಯ ಹೆಸರು ಬಂದಾಗಲೆಲ್ಲ ನಾವು ಹೋ ಎಂದೆವು. ಕೈ ಎತ್ತಿಸುವ ಮೊದಲೇ ಇಬ್ಬರು ಎದ್ದು ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದಾಗಿತ್ತು. ನಾನೂ ಎದ್ದೆ. ಸೊಸೆಯ ಕೈಗೆ ಒಂದು ಕತ್ತಿ ಕೊಟ್ಟೆ. ಅವಳು ಕೂತು ಹೆಚ್ಚತೊಡಗಿದಳು, ಅದೇ ನಿಧಾನದಲ್ಲಿ.

ಹೊರಗೆ ಟೆಂಪೋ ಬಂದು ಹಾರ್ನು ಹೊಡೆಯಿತು. ಯಾರೂ ಏಳಲಿಲ್ಲ. ಇನ್ನೊಮ್ಮೆ ಹೊಡೆಯಿತು. ಏಜೆಂಟು ಬಾಗಿಲಿಗೆ ಬಂದು ತಲೆ ಒಳಗೆ ಹಾಕಿದ.

"ಎಂತ ಅಕ್ಕ, ತುಂಬ್ಸುದಲ್ದಾ?"

ಅಧ್ಯಕ್ಷೆ ಮೊಣಕೈ ತನಕ ಮೀನಿನ ನೀರಿನಲ್ಲಿದ್ದಳು. ತಲೆಯನ್ನೂ ಎತ್ತಲಿಲ್ಲ.

"ತುಂಬ್ಸುಕೆ ಎಂತ ಇತ್ತ್ ಮರಾಯ? ಇಪ್ಪುದ್ ನಮ್ಗೇ ಸಾಕಾತಿಲ್ಲೆ. ಬೇಕಾರೆ ನೀನೂ ಫೋನಲ್ಲಿ ಒತ್ತ್. ಮನಿ ಬಾಗ್ಲಿಗ್ ತಂದ್ ಕೊಡ್ತ್."

ಅವನು ತಲೆಯನ್ನು ಹೊರಗೆಳೆದುಕೊಂಡ. ಆಮೇಲೆ ಟೆಂಪೋ ಖಾಲಿಯಾಗಿಯೇ ಹಿಂದೆ ತಿರುಗುವ ಸದ್ದು ಕೇಳಿಸಿತು.